ಅವ್ವನಿಗೆ ಬಂದ ಬಾಲ

ತೆಲುಗು-ಕನ್ನಡ ಗಡಿಯ ಆಸ್ಪರಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನನಗೆ ಮೊದಲು ಕಲಿಸಲು ಸಿಕ್ಕಿದ್ದು ಒಂದನೇ ತರಗತಿ. ಯುದ್ಧದಿಂದಾಗಿ ಪುಸ್ತಕ ಸಿಗದ ಕಾಲ. ಹತ್ತಕ್ಕೆ ಹಾಜರಿ, ಹತ್ತೂಕಾಲಿಗೆ ಮರಳಿನ ಮೇಲೆ ಅಕ್ಷರ ತಿದ್ದುವುದು. ಈ ಕ್ರಮ ನನಗೆ ಒಪ್ಪಿತ್ತು, ಮಕ್ಕಳಿಗೆ ಒಪ್ಪಿರಲಿಲ್ಲ. ಮರಳನ್ನು ಪಕ್ಕದವರ ತಲೆಗೆ ಸುರಿಯುತ್ತಿದ್ದರು. ಅದಕ್ಕೆ ನಾನೇ ಎರಡು ಸಾಲು ಕಟ್ಟಿ, ಹಲಗೆಯ ಮೇಲೆ ಬರೆದು, ಅಕ್ಷರ ಅಕ್ಷರಕ್ಕೂ ಕೋಲಿಟ್ಟು ಹಾಡಿಸತೊಡಗಿದೆ:

ಅವ್ವ ತೊಟ್ಟಿಲು ತೂಗ್ಯಾಳ,
ಕೂಸಿಗೆ ಹಾಲು ಕುಡಿಸ್ಯಾಳ.

ಹೆಡ್‌ಮಾಸ್ತರಿಗೆ ಇದು ಸೇರಲಿಲ್ಲ. "ಸಾಲಿ ನಡಸ್ತೀರೋ, ಭಜನಿ ನಡಸ್ತೀರೋ? ಇನ್‌ಸ್ಪೆಕ್ಟರ್ ಬರ್ತಾರ. ಬರೇ ಬಾಯಿಪಾಠ ಅಂತ ಅವರಂದ್ರ ಹಾಡೂ ಬಂದ್, ನಿಮ್ಮ ಕೆಲಸಾನೂ ಬಂದ್," ಎಂದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಬಂದ ಇನ್‌ಸ್ಪೆಕ್ಟರು ತೆಲುಗಿನವರು. ಕನ್ನಡವನ್ನು ಓದುತ್ತಿದ್ದರು, ಅಷ್ಟಿಷ್ಟು ಮಾತಾಡುತ್ತಿದ್ದರು. ಹಾಡು ಕೇಳಿ ಹುಬ್ಬೇರಿಸಿದರು.

"ಅವ್ವ ಹಾಲು ಕುಡಿಸೋದಾ? ಆ ವಯಸ್ಸಲ್ಲಿ?"

ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಕೂತಿದ್ದ ಕುರಿ ಸಾಕುವವರ ಮಗಳು, "ದಿನಾ ಕುಡಸ್ತಾಳ್ರಿ. ಈಗ ಹಲ್ಲೂ ಬಂದಾವ," ಎಂದಳು.

"ಹಲ್ಲು ಬಂದಿದ್ದು ಅವ್ವಕಾ?"

"ಅಲ್ರಿ, ನಮ್ಮ ತಮ್ಮಗ."

ನಾನು ಅರ್ಥ ಬಿಡಿಸಿ ಹೇಳಿದೆ. "ಹಾಗಾದ್ರೆ ಅಮ್ಮ ಅಂತ ಬರೀರಿ, ಎಲ್ಲರಿಗೂ ತಿಳಿಯುತ್ತೆ," ಎಂದು ಅವರೇ ಸೀಮೆಸುಣ್ಣ ಹಿಡಿದರು. ಅಳಿಸುವ ಗೋಜಿಗೆ ಹೋಗದೆ 'ವ'ಕಾರಕ್ಕೊಂದು ಬಾಲ ಎಳೆದು 'ಮ' ಮಾಡಿದರು; ಕೆಳಗಿನ ಒತ್ತಕ್ಷರಕ್ಕೆ ಎಳೆಯುವುದನ್ನು ಮರೆತರು.

"ಈಗ ಓದಿ."

ಇಡೀ ತರಗತಿ "ಅವ್ವ ತೊಟ್ಟಿಲು ತೂಗ್ಯಾಳ" ಎಂದು ಕೂಗಿತು. ಹೆಡ್‌ಮಾಸ್ತರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆ ಹುಡುಗಿ ಮಾತ್ರ ಹಾಡಲಿಲ್ಲ. ಎದ್ದು ಹೋಗಿ ಹಲಗೆಗೆ ಬೆರಳಿಟ್ಟು "ಅ... ಮ್ವ" ಎಂದಳು. ತಿರುಗಿ ಕೇಳಿದಳು: "ಅಮ್ವ ಅಂದ್ರ ಯಾರ್ರಿ ಸಾರ್? ನಮ್ಮನ್ಯಾಗ ಅಂಥಾಕಿ ಇಲ್ರಿ."

ಇನ್‌ಸ್ಪೆಕ್ಟರು ಹಲಗೆಯನ್ನು ದಿಟ್ಟಿಸಿ, ಸದ್ದಿಲ್ಲದೆ ಒತ್ತಿಗೂ ಬಾಲ ಎಳೆದರು. "ಒಬ್ಬಳು ಓದ್ತಾಳೆ, ಉಳಿದೋರು ಹಾಡ್ತಾರೆ. ಅವರೂ ನನ್ನ ತಪ್ಪು ಹಿಡಿಯೋ ತನಕ ಹಾಡು ನಡೀಲಿ," ಎಂದು ಹಾಗೆಯೇ ತಪಾಸಣೆ ಪುಸ್ತಕದಲ್ಲಿ ಬರೆದರು.

ಮರುದಿನದಿಂದ ಹತ್ತೂಕಾಲಿಗೆ ಸರಿಯಾಗಿ, ಹಾಡಿನಲ್ಲಿ ದಿನಕ್ಕೊಂದು ಅಕ್ಷರ ಬೇಕೆಂದೇ ತಪ್ಪು ಬರೆಯತೊಡಗಿದೆ. ಕೂಸಿಗೆ ಅವ್ವ ಕಾಲು ಕುಡಿಸಿದ ದಿನ ತರಗತಿಯ ಅರ್ಧದಷ್ಟು ಮಕ್ಕಳು ತಪ್ಪು ಹಿಡಿದು ಎದ್ದು ನಿಂತರು. ದಸರೆಯ ಹೊತ್ತಿಗೆ ಎಲ್ಲರೂ ನಿಲ್ಲುತ್ತಿದ್ದರು. ಹೆಡ್‌ಮಾಸ್ತರು ಮಾತ್ರ ಕಿಟಕಿಯಿಂದ ಹಲಗೆ ಓದಿ, "ಪಾಪ, ಕೆಲಸ ಉಳೀತು, ಕಾಗುಣಿತ ಹೋತು," ಎನ್ನುತ್ತಿದ್ದರಂತೆ.