ತಂಗಿಯ ಅಳತೆಗೆ

ಇವತ್ತು ಚಾಮರಾಜನಗರದ ಪೇಟೆಯಲ್ಲಿ ಯಾರೋ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ಕಾಲು ತಾನಾಗಿ ನಿಂತಿತು. ಗುಂಡ್ಲುಪೇಟೆಯ ನಮ್ಮ ಬೀದಿಯ ಟೈಲರ್ ಆಂಟಿ ನೆನಪಾದರು...

ಪಿಯುಸಿ ರಜೆಯಲ್ಲಿ ನಾನು ಅವರ ಹತ್ತಿರ ಹೊಲಿಗೆ ಕಲಿಯುತ್ತಿದ್ದೆ. ಆಂಟಿ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮದೇ ಕನ್ನಡ ಮಾತಾಡುತ್ತಿದ್ದರು. ನನ್ನ ವಕ್ರ ಹೊಲಿಗೆ ನೋಡಿ, ಬಂಡೀಪುರದ ರಸ್ತೆ ಇದಕ್ಕಿಂತ ನೆಟ್ಟಗೈತೆ ಎಂದು ನಗಿಸುತ್ತಿದ್ದರು. ಬೆಳೆಯುವ ಹುಡುಗಿಯರ ಬಟ್ಟೆಗೆ ಒಳಗಡೆ ಎರಡು ಬೆರಳು ಹೆಚ್ಚು ಬಿಟ್ಟೇ ಹೊಲಿಯುವುದು ಅವರ ಪದ್ಧತಿ. ಮುಂದಿನ ವರ್ಷ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಗೆಳತಿ ತನ್ನ ನಾಲ್ಕು ಚೂಡಿದಾರ ತಂದಳು. ಕೆಲವು ತಿಂಗಳಿಂದ ಅವಳಿಗೆ ಊಟ ನಿದ್ದೆ ಇರಲಿಲ್ಲ, ಪರೀಕ್ಷೆಯಲ್ಲೂ ಫೇಲಾಗಿದ್ದಳು. ದೃಷ್ಟಿಯಾಗಿದೆ ಎಂದು ಮನೆಯವರು ತಾಯತ ಕಟ್ಟಿಸಿದ್ದರು.

"ಎಲ್ಲಾನೂ ತಂಗಿ ಅಳತೆಗೆ ಹಿಡ್ಕೊಡಿ ಆಂಟಿ," ಎಂದಳು.

ಆಂಟಿ ಒಂದೊಂದಾಗಿ ಬಿಡಿಸಿ ನೋಡಿದರು. ಕೊನೆಯದು ಹೊಸದು, ಹಬ್ಬಕ್ಕೆ ಅವರೇ ಹೊಲಿದಿದ್ದು.

"ಇದ್ನ ಇನ್ನೂ ಒಂದ್ಸಲಾನೂ ಆಕಿಲ್ಲ. ಮತ್ತೆ ನೀನೇನ್ ಆಕ್ಕತೀಯ?"

"ನಂಗಿನ್ಯಾಕೆ ಬುಡಿ."

ಯಂತ್ರ ನಿಂತಿತು. ಆಂಟಿ ಕನ್ನಡಕ ತೆಗೆದರು. ಬೆಲೆ ಕೇಳಿದಷ್ಟೇ ಸಾದಾ ದನಿಯಲ್ಲಿ ಕೇಳಿದರು:

"ಸಾಯ್ಬೇಕು ಅನ್ನಿಸ್ತಾ ಐತಾ ಬೇಟಿ?"

ಗುಂಡಿ ಹಾಕುತ್ತಿದ್ದ ಸೂಜಿ ನನ್ನ ಕೈಯಲ್ಲೇ ಉಳಿಯಿತು. ಇಂಥ ಮಾತನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ... ಗೆಳತಿ ಹೊಸ ಚೂಡಿದಾರದ ಅಂಚು ಮಡಚಿದಳು, ಬಿಚ್ಚಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು. ಕೇಳುವವರಿಲ್ಲದೆ ಅವಳು ಹಾಗೇ ಮನೆಗೆ ಹೋಗಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ.

ಆಂಟಿ ಬೈಯಲಿಲ್ಲ, ಆಣೆ ಮಾಡಿಸಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಅಮ್ಮನನ್ನು ಕರೆತರಲು ನನ್ನನ್ನು ಓಡಿಸಿದರು. ಅಮ್ಮ ಬಂದವರೇ ವಿಷಯ ಕೇಳಿ ಅತ್ತರು. ಆಂಟಿ ಮನಸ್ಸಿನ ಡಾಕ್ಟರ ಹೆಸರೆತ್ತಿದಾಗ ಮಾತ್ರ ಹಿಂಜರಿದರು.

"ಊರೋರು ಉಚ್ಚಿ ಅಂದ್ಬುಟ್ಟಾರು ಕಣಕ್ಕ."

"ಜ್ವರ ಬಂದ್ರೆ ಕರ್ಕಂಡೋಗಕಿಲ್ವಾ? ಯಾರಾರ ಕೇಳುದ್ರೆ ಲೈನಿಂಗ್ ಬಟ್ಟೆ ತರಕ್ಕೆ ಅನ್ನು. ನಡಿ, ಈಗ್ಲೇ ಓಗನ."

ಮುಂದಿನ ಬಸ್ಸಿನಲ್ಲೇ ಮೂವರೂ ಚಾಮರಾಜನಗರದ ಆಸ್ಪತ್ರೆಗೆ ಹೋದರು. ಡಾಕ್ಟರು ಗೆಳತಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರಂತೆ. ಕೆಲವು ದಿನ ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದು ಅಮ್ಮನಿಗೆ ಹೇಳಿದರಂತೆ. ಆಮೇಲೆ ಮಾತ್ರೆ, ಮಾತುಕತೆ, ಮತ್ತೆ ಮತ್ತೆ ಅದೇ ಬಸ್ಸು. ಹೇಳಿದ ಸುಳ್ಳು ನಿಲ್ಲಬೇಕಲ್ಲ, ಆಂಟಿ ಪ್ರತಿ ಸಲವೂ ಲೈನಿಂಗ್ ಕೊಂಡು ತರುತ್ತಿದ್ದರು. ಕಪಾಟು ತುಂಬಿ, ನಮಗೆಲ್ಲ ಬೇಡವೆಂದರೂ ಲೈನಿಂಗ್ ಹಾಕಿಯೇ ಕೊಟ್ಟರು. ಗೆಳತಿ ನಿಧಾನವಾಗಿ ಉಣ್ಣತೊಡಗಿದಳು, ಜಗಳ ತೆಗೆಯತೊಡಗಿದಳು...

ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ನಾವಿಬ್ಬರೂ ಹೋಗಿ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತೆವು. ನೀವು ಇವರಿಗೆ ಏನಾಗಬೇಕು ಎಂದು ಯಾರೋ ಕೇಳಿದರು. ಇಷ್ಟು ವರ್ಷ ಯಾರಿಗೂ ಹೇಳದ ಗೆಳತಿ ಅಂದು ಎಲ್ಲರೆದುರೇ ಹೇಳಿದಳು.

"ಚಿಕ್ಕೋಳಿದ್ದಾಗ ಸಾಯಕ್ಕೆ ಹೊಂಟಿದ್ದೆ. ಆಂಟಿ ಕೇಳುದ್ರು, ಆಸ್ಪತ್ರೆಗೆ ಕರ್ಕಂಡೋದ್ರು."

ಸ್ವಲ್ಪ ಹೊತ್ತಿಗೆ ಪಕ್ಕದ ಹಂಗಳ ಊರಿಂದ ಬಂದಿದ್ದ ಹೆಂಗಸೊಬ್ಬರು ಹತ್ತಿರ ಸರಿದು, ತಮ್ಮ ಮೊಮ್ಮಗಳೂ ಸಾಯುವ ಮಾತಾಡುತ್ತಿದ್ದಾಳೆ, ಯಾರನ್ನು ಕೇಳುವುದೋ ತಿಳಿಯದು ಎಂದು ಪಿಸುಗುಟ್ಟಿದರು.

"ಈಗೆಲ್ಲವ್ಳೆ ಮಗು? ಜೊತೇಲಿ ಯಾರವ್ರೆ?" ಎನ್ನುತ್ತಲೇ ಗೆಳತಿ ಎದ್ದಳು.

ಗೆಳತಿ ಅಂದೇ ಆಸ್ಪತ್ರೆಗೆ ಕರೆದೊಯ್ದ ಆ ಹುಡುಗಿ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಆಂಟಿಗೆ ಹೇಳೋಣವೆಂದು ಈಗಲೂ ಒಂದು ಕ್ಷಣ ಅನ್ನಿಸಿಬಿಡುತ್ತದೆ...