ಅಣ್ಣ ನೋಡಿದ ಧೂಮಕೇತು

ನವರಾತ್ರಿ ಮುಗಿದ ವಾರ ಅದು. ಹೊಸದಾಗಿ ಪತ್ತೆಯಾದ ಧೂಮಕೇತುವೊಂದು ಸಂಜೆ ಪಡುವಣದಲ್ಲಿ ಕಾಣುತ್ತದೆ, ದುರ್ಬೀನು ಇದ್ದರೆ ಒಳ್ಳೆಯದು ಎಂದು ಪೇಪರಿನಲ್ಲಿ ಬಂದಿತ್ತು. ನಾನು ಕುಮಟಾದ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿ. ದುರ್ಬೀನು ಇದ್ದದ್ದು ಹೊನ್ನಾವರದಲ್ಲಿ, ಅಣ್ಣನ ಹತ್ತಿರ. ಅವನು ಮೀನುದೋಣಿಯ ತಾಂಡೇಲ. ಏಳು ಮಂದಿಯನ್ನು ಕೂರಿಸಿಕೊಂಡು ಅಳಿವೆ ದಾಟಿ ಕಡಲಿಗೆ ಹೋಗಿ, ಮರಳುದಿಬ್ಬ ತಪ್ಪಿಸಿ ದೋಣಿಯನ್ನು ಮತ್ತೆ ಹೊಳೆಯೊಳಗೆ ತರುವುದು ಅವನ ಕೆಲಸ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನೂ ಅವನೇ.

ಶನಿವಾರ ಬಸ್ಸು ಹಿಡಿದು ಹೋದೆ. ಸೂರ್ಯ ಮುಳುಗಿದ ಮೇಲೆ ಇಬ್ಬರೂ ದಂಡೆಗೆ ನಡೆದೆವು. ಶುಕ್ರ ಆಗಲೇ ಹೊಳೆಯುತ್ತಿತ್ತು. ಅದರ ಬಲಕ್ಕೆ, ತುಸು ಮೇಲೆ ನೋಡಬೇಕೆಂದು ಬರೆದಿದ್ದರು. ದುರ್ಬೀನು ಕಣ್ಣಿಗೆ ಹಿಡಿದರೆ ಆಕಾಶವೆಲ್ಲ ಅಲುಗಾಡಿತು. ಅಣ್ಣ ಹಿಂದೆ ನಿಂತು ನನ್ನ ಮೊಣಕೈಗಳಿಗೆ ಆಸರೆ ಕೊಟ್ಟ.

"ಉಸಿರು ಹಿಡ್ಕ. ಈಗ ನೋಡು."

ಸಿಕ್ಕಿತು. ಒದ್ದೆ ಬೆರಳಲ್ಲಿ ಸುಣ್ಣ ಒರೆಸಿದಂಥ ಮಸುಕು, ಮೇಲಕ್ಕೆ ಚಾಚಿದ ಬಾಲ. ಖುಷಿಗೆ ಕೂಗಿಬಿಟ್ಟೆ. ದುರ್ಬೀನು ಅವನಿಗೆ ಕೊಟ್ಟೆ.

"ಹೌದು, ಕಂಡ್ತು. ಚಂದ ಉಂಟು" ಎಂದ.

ಅವನು ನೋಡುತ್ತಿದ್ದದ್ದು ಶುಕ್ರನಿಂದ ಎಷ್ಟೋ ಎಡಕ್ಕೆ. ಅಲ್ಲಿ ಏನೂ ಇರಲಿಲ್ಲ.

"ಅಣ್ಣಾ, ಶುಕ್ರ ಎಲ್ಲುಂಟು? ತೋರ್ಸು."

ಅವನು ದುರ್ಬೀನು ಕೆಳಗಿಳಿಸಿದ. "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಅತ್ತಿಗೆಗೆ ಹೇಳ್ಬೇಡ."

"ಮತ್ತೆ ಅಳಿವೆ ಹ್ಯಾಂಗೆ ದಾಟ್ಸ್ತೆ?"

"ಇಪ್ಪತ್ತು ವರ್ಷದ ಅಂದಾಜು ಅದೆ. ಇಷ್ಟ್ ದಿನ ಎಂತಾ ಆಯ್ತು?"

ಡಾಕ್ಟರ ಬಳಿ ಹೋಗೋಣ, ಕಡಲಿಗೆ ಹೋಗಬೇಡ ಎಂದು ದಿನವೂ ಫೋನಿನಲ್ಲಿ ಬೇಡಿದೆ. "ಆತು, ದೀಪಾವಳಿ ಮುಗೀಲಿ" ಎಂದ. ದೀಪಾವಳಿ ಮುಗಿದ ಮೂರನೇ ದಿನ ಮತ್ತೆ ದೋಣಿ ಇಳಿಸಿದ. ಆ ಏಳು ಮಂದಿಯ ಹೆಂಡಿರನ್ನೆಲ್ಲ ನಾನು ಬಲ್ಲೆ. ಮರುದಿನ ದೋಣಿಯ ಯಜಮಾನರಿಗೆ ಫೋನ್ ಮಾಡಿ ಹೇಳಿಬಿಟ್ಟೆ.

ಅವರು ಒಳ್ಳೆಯವರು. ಯಾರು ಹೇಳಿದರೆಂದು ಬಾಯಿ ಬಿಡಲಿಲ್ಲ, ಅಣ್ಣನಿಗೆ ದಡದಲ್ಲೇ ಕೆಲಸ ಕೊಟ್ಟರು. ಆದರೆ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಆ ಭಾನುವಾರ ಅಣ್ಣ ಕುಮಟಾಕ್ಕೆ ಬಂದು ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತ.

"ನಂಗೊಂದ್ ಮಾತು ಹೇಳಿ ಮಾಡ್ಬಹುದಿತ್ತು" ಎಂದ. ಬೈಯಲಿಲ್ಲ. ಒಳಗೆ ಬಾ ಎಂದರೂ ಬರಲಿಲ್ಲ, ನೀರೂ ಕುಡಿಯಲಿಲ್ಲ. ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದ.

ಅತ್ತಿಗೆ ಅವನನ್ನು ಮಂಗಳೂರಿಗೆ ಕರೆದೊಯ್ದಳು. ಬಲಗಣ್ಣು ಸ್ವಲ್ಪ ಉಳಿಯಿತು. ಎಡಗಣ್ಣಿಗೆ ತಡವಾಗಿತ್ತು.

ಈಗ ಅವನು ಶೆಡ್ಡಿನಲ್ಲಿ ಕೂತು ಬಲೆ ಹೆಣೆಯುತ್ತಾನೆ. ತಿಂಗಳಿಗೊಮ್ಮೆ ಹೋಗುತ್ತೇನೆ. "ಬಂದ್ಯಾ? ಚಾ ಕುಡಿ" ಎನ್ನುತ್ತಾನೆ, ಅಷ್ಟೇ. ಮೊದಲು ಗಾಳಿ, ನೀರಿನ ಸೆಳೆತ, ಯಾವ ಬಂಡೆಯ ಬಳಿ ಯಾವ ಮೀನು ಎಂದು ಮಾತು ನಿಲ್ಲಿಸುತ್ತಲೇ ಇರಲಿಲ್ಲ. ಹೊಸ ತಾಂಡೇಲನ ಕೈಯಲ್ಲಿ ದೋಣಿ ಸುಖವಾಗಿ ಹೋಗಿ ಬರುತ್ತದೆ. ಅಣ್ಣನ ಕೈಯಲ್ಲೂ ಅದು ಹಾಗೇ ಹೋಗಿ ಬಂದಿತ್ತು. ಹಾಗಾಗಿ ನಾನು ಯಾರನ್ನಾದರೂ ಉಳಿಸಿದೆನೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ.

ಹೋದ ಸಲ ಅತ್ತಿಗೆ ಅವನ ಎದುರೇ ಹೇಳಿದಳು, "ನೀ ಮಾಡಿದ್ದು ಸರಿ ಅದೆ, ಮಾರಾಯ್ತಿ." ಅವನು ತಲೆ ಎತ್ತಲಿಲ್ಲ. ಗಂಟು ಬಿಗಿದು ಬಲೆಯ ಮುಂದಿನ ಕಣ್ಣಿಗೆ ಬೆರಳು ಹಾಕಿದ. ನಾನು ಚಹಾದ ಲೋಟ ತೊಳೆದಿಟ್ಟು ಬಸ್ಸಿಗೆ ಹೊರಟೆ.