ಸೀರೆಯಂಚಿನ ಉತ್ತರಾಣಿ

ಆಗೆಲ್ಲ ಬುಕ್ಕಾಪಟ್ಟಣದಾಚೆಯ ನಮ್ಮ ಹಟ್ಟಿಯಲ್ಲಿ ಭಾನುವಾರ ಬೆಳಿಗ್ಗೆ ಯಾರೂ ನನ್ನ ಅಜ್ಜಿಯನ್ನು ಮಾತಾಡಿಸುತ್ತಿರಲಿಲ್ಲ. ಕಾಮಾಲೆಯಾದವರು ಹೊತ್ತು ಮೂಡುವ ಮೊದಲೇ ಬರಿಹೊಟ್ಟೆಯಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದರು. ಅಜ್ಜಿ ಒಬ್ಬಳೇ ಕುರುಚಲು ಕಾಡಿಗೆ ಹೋಗಿ, ಮುಚ್ಚಿದ ಮುಷ್ಟಿಯ ಮೇಲೆ ಸೆರಗು ಹೊದಿಸಿಕೊಂಡು ಬರುತ್ತಿದ್ದಳು. ಹಿತ್ತಿಲ ಕದ ಹಾಕಿಕೊಂಡು ಅರೆದು, ಆಡಿನ ಹಾಲಿನಲ್ಲಿ ಕಲಸಿ ಕುಡಿಸುತ್ತಿದ್ದಳು. ಮದ್ದು ಗಂಟಲಿಳಿಯುವ ತನಕ ಅವಳಿಗೆ ಮಾತಿಲ್ಲ. ಸೊಪ್ಪಿನ ಹೆಸರನ್ನಂತೂ ಅವಳು ಯಾವತ್ತೂ ಹೇಳಿದವಳಲ್ಲ. ಹೆಸರು ಬಾಯಿಗೆ ಬಂದರೆ ಮದ್ದು ಸಾಯುತ್ತದೆ ಅಂತ ಅವಳ ಅತ್ತೆ ಕಲಿಸಿಕೊಟ್ಟಿದ್ದಳಂತೆ. ಹೀಗೆ ಮೂರು ಭಾನುವಾರ ಮದ್ದು, ಅಷ್ಟು ದಿನವೂ ಉಪ್ಪು ಎಣ್ಣೆ ಮುಟ್ಟದ ಪಥ್ಯ.

ನನಗಾಗ ಹತ್ತು ವರ್ಷ. ನಾನು ಮೂಗು ತೂರಿಸದ ಜಾಗ ಹಟ್ಟಿಯಲ್ಲೇ ಇರಲಿಲ್ಲ. ಭಾನುವಾರ ಕಾಡಿನಿಂದ ಬಂದ ಅಜ್ಜಿಯ ಸೀರೆಯಂಚಿಗೆ ಉತ್ತರಾಣಿಯ ಮುಳ್ಳುಬೀಜ ಸಾಲಾಗಿ ಅಂಟಿರುತ್ತಿದ್ದವು. ಬಿಸಿಲು ಬಂದ ಮೇಲೆ ಅವನ್ನು ಒಂದೊಂದಾಗಿ ಬಿಡಿಸುವುದು ನನ್ನ ಕೆಲಸ. ಬೇರೆ ದಿನ ಅಂಟದ್ದು ಭಾನುವಾರ ಮಾತ್ರ ಅಂಟುತ್ತದಲ್ಲ ಅಂತ ಯೋಚಿಸಿ ಯೋಚಿಸಿ, ಗುಟ್ಟು ಸಿಕ್ಕಿಯೇ ಬಿಟ್ಟಿತು ಅಂದುಕೊಂಡಿದ್ದೆ. ಮದ್ದು ಉತ್ತರಾಣಿ! ಗುಟ್ಟು ಸಿಕ್ಕಿದ ಖುಷಿಗೆ ನಾಲಿಗೆ ತುರಿಸುತ್ತಿತ್ತು.

ಆ ವರ್ಷ ಸೀತಾಫಲ ಬಲಿತು ಕಣ್ಣು ಬಿಡುವ ಹೊತ್ತಿಗೆ ನನ್ನ ಗೆಳತಿ ರತ್ನಿಗೆ ಕಾಮಾಲೆಯಾಯಿತು. ಆಚೆಮನೆಯವಳು, ಇಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವಳು. ಕಣ್ಣು ಅರಿಶಿನ ಹಚ್ಚಿದ ಹಾಗಾಗಿದ್ದವು. ಕುಂಟೆಬಿಲ್ಲೆಗೆ ಕರೆದರೆ ಎದ್ದು ನಿಲ್ಲಲೂ ಆಗದೆ ಗೋಡೆ ಹಿಡಿಯುತ್ತಿದ್ದಳು. ಅವಳ ತಾಯಿಗೆ ಅಜ್ಜಿಯ ಕೈಗುಣದ ಮೇಲೆ ಎಷ್ಟು ನಂಬಿಕೆಯೆಂದರೆ, ಸಿರಾ ಆಸ್ಪತ್ರೆಗೂ ತೋರಿಸು ಅಂತ ಅಜ್ಜಿಯೇ ಬೈದರೂ ಹೋಗಿರಲಿಲ್ಲ. ಎರಡು ಭಾನುವಾರ ಮುಗಿದಿತ್ತು. ಪಥ್ಯ ಮುಗಿದ ದಿನ ರತ್ನಿಗೆ ಕೊಡಲೆಂದು ಮೂರು ಸೀತಾಫಲವನ್ನು ರಾಗಿಹುಲ್ಲಿನಲ್ಲಿ ಮುಚ್ಚಿಟ್ಟಿದ್ದೆ.

ಮೂರನೇ ಭಾನುವಾರದ ಹಿಂದಿನ ದಿನ, ಮಧ್ಯಾಹ್ನದ ಬಸ್ಸಿಗೆ ಕಾಲೇಜಿನ ಮೇಡಂ ಒಬ್ಬರು ಬಂದಿಳಿದರು. ನಮ್ಮ ಸೀಮೆಯ ಜನ ಯಾವ ಗಿಡವನ್ನು ಮದ್ದಿಗೆ ಬಳಸುತ್ತಾರೆ, ಯಾವುದನ್ನು ಮಾರಿ ಬದುಕುತ್ತಾರೆ ಅಂತ ಬರೆದುಕೊಳ್ಳುವುದು ಅವರ ಸಂಶೋಧನೆ. ಗಿಡ ಒತ್ತಿ ಒಣಗಿಸಲು ಎರಡು ಹಲಗೆ, ನಡುವೆ ಹಳೇ ಪೇಪರು, ಬಿಗಿಯಲು ಒಂದು ಬೆಲ್ಟು ತಂದಿದ್ದರು. ಪೊರಕೆಹುಲ್ಲು ಯಾವಾಗ ಕೊಯ್ಯಬೇಕು, ಕುರಿಗೆ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಎಲ್ಲವನ್ನೂ ಅಜ್ಜಿ ಉತ್ಸಾಹದಿಂದಲೇ ಹೇಳಿದಳು. ಕಾಮಾಲೆಯ ಮಾತು ಬಂದದ್ದೇ ಬಾಯಿಗೆ ಎಲೆಅಡಿಕೆ ಹಾಕಿಕೊಂಡಳು.

"ಅದೊಂದು ಕೇಳ್ಬ್ಯಾಡ ಕಣಮ್ಮ. ಹೆಸ್ರು ಹೇಳುದ್ರೆ ಮದ್ದು ಸತ್ತೋಯ್ತದೆ."

"ಬೇಡ ಬಿಡಿ ಅಜ್ಜಿ," ಅಂದು ಮೇಡಂ ಪುಸ್ತಕ ಮಡಚಿದರು. ಅವರದೇನೂ ತಪ್ಪಿಲ್ಲ. ತಪ್ಪೆಲ್ಲ ನನ್ನದು. ಬಸ್ಸಿನ ತನಕ ಬಿಟ್ಟುಬರಲು ಹೋದವಳಿಗೆ ಅವರು ಭೂತಗನ್ನಡಿ ಕೊಟ್ಟು ತುಂಬೆಹೂ ತೋರಿಸಿದರು. ಅಷ್ಟಕ್ಕೇ ನಾನು ಉಬ್ಬಿಹೋದೆ.

"ಅಜ್ಜಿ ಮದ್ದು ಯಾವ್ದು ಅಂತ ನಂಗೊತ್ತು ಮೇಡಂ."

ಅವರು ನಿಂತರು. "ಹೇಳಬಹುದು ಅಂತ ಅಜ್ಜಿ ಒಪ್ಪಿದಾರೇನಮ್ಮ?"

"ಹೂಂ. ನಿಮ್ಗೊಬ್ರಿಗೇ ತೋರ್ಸು ಅಂತ ಅಜ್ಜೀನೇ ಹೇಳುದ್ಲು."

ಸುಳ್ಳು ಎಷ್ಟು ಸಲೀಸಾಗಿ ಬಂತು! ಬೇಲಿಯ ಉತ್ತರಾಣಿ ಗಿಡವೊಂದು ಬೇರುಸಮೇತ ಪೇಪರಿನೊಳಗೆ ಮಲಗಿತು. ಪಕ್ಕದಲ್ಲಿ ಅವರು ಅಜ್ಜಿಯ ಹೆಸರು ಬರೆದುಕೊಂಡರು.

ವಾಪಸು ಬರುವಾಗ ರತ್ನಿ ಹೊಸ್ತಿಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು. "ನಾಳೀಕೆ ಒಂದೇ ಬಾಕಿ ಕಣೆ. ಸೀತಾಫಲ ಹಣ್ಣಾಯ್ತಾ?"

ಆಗಲೇ ನನಗೆ ಹೊಳೆದದ್ದು. ಹೆಸರು ಹೇಳಿಯಾಗಿತ್ತು. ನಾಳೆ ಅಜ್ಜಿ ಕೊಡುವುದು ಸತ್ತ ಮದ್ದು, ರತ್ನಿ ಉಳಿಯುವುದಿಲ್ಲ! ಅಜ್ಜಿಗೆ ಹೇಳೋಣವೆಂದರೆ, ಅವಳ ಅತ್ತೆಯಿಂದ ಬಂದ ಮದ್ದನ್ನು ಕೊಂದವಳು ನಾನೇ. ಹೇಳದಿದ್ದರೆ ರತ್ನಿ ಅದನ್ನೇ ನಂಬಿಕೊಂಡು ಕುಡಿಯುತ್ತಾಳೆ. ರಾತ್ರಿ ಮುದ್ದೆ ಮುಟ್ಟದೆ ಮಲಗಿದೆ.

ಬೆಳಿಗ್ಗೆ ಎದ್ದಾಗ ಅಜ್ಜಿ ಹೊರಟಾಗಿತ್ತು. ರತ್ನಿ ಜಗಲಿಯಲ್ಲಿ ತಾಯಿಯ ತೊಡೆಗೊರಗಿದ್ದಳು. ಅಜ್ಜಿ ಬಂದಳು, ಕದ ಹಾಕಿಕೊಂಡಳು. ಗುಂಡುಕಲ್ಲು ಉರುಳುವ ಸದ್ದು, ಹಸಿ ಸೊಪ್ಪಿನ ಒಗರು ವಾಸನೆ. ಕದ ತೆರೆಯಿತು. ಅಜ್ಜಿ ಬಟ್ಟಲನ್ನು ರತ್ನಿಯ ತುಟಿಗೆ ಹಿಡಿಯುವಷ್ಟರಲ್ಲಿ ನಾನು ಹೋಗಿ ಅಜ್ಜಿಯ ಮಣಿಕಟ್ಟು ಹಿಡಿದೆ.

"ಕುಡಿಸ್ಬ್ಯಾಡ ಅಜ್ಜಿ! ನಾನು ಮೇಡಮ್ಗೆ ಹೆಸ್ರು ಹೇಳ್ಬುಟ್ಟೆ!"

"ಅಯ್ಯೋ, ನನ್ ಮಗ್ಳುನ್ನ ತಿಂದ್ಕಂಡ್ಯಲ್ಲೇ," ಅಂತ ರತ್ನಿಯ ತಾಯಿ ಹಣೆ ಚಚ್ಚಿಕೊಂಡಳು. ಅಜ್ಜಿ ಬಟ್ಟಲನ್ನು ಹಿಡಿದುಕೊಂಡೇ ನನ್ನತ್ತ ತಿರುಗಿದಳು. ಅವಳು ಮಾತಾಡುವ ಹಾಗಿಲ್ಲ. ಯಾವುದು ಅಂತ ಹುಬ್ಬಿನಲ್ಲೇ ಕೇಳಿದಳು.

"ಉತ್ತರಾಣಿ," ಅಂದೆ. ಅಳು ಒತ್ತರಿಸಿ ಬಂತು.

ಅಜ್ಜಿ ನನ್ನನ್ನೇ ನೋಡಿದಳು. ಬಗ್ಗಿ ಸೀರೆಯಂಚಿನಿಂದ ಒಂದು ಮುಳ್ಳುಬೀಜ ಕಿತ್ತು ನನ್ನ ಕಣ್ಣ ಮುಂದೆ ಹಿಡಿದು, ಅಲ್ಲವೆಂದು ತಲೆಯಾಡಿಸಿ ಎಸೆದಳು. ಆಮೇಲೆ ರತ್ನಿಯ ಗಲ್ಲ ಹಿಡಿದು ಬಟ್ಟಲನ್ನು ಕೊನೆಯ ತೊಟ್ಟಿನವರೆಗೂ ಕುಡಿಸಿದಳು.

"ಉತ್ತರಾಣಿ ನಾನು ಹೋಗೋ ದಾರಿ ತುಂಬ ಐತೆ ಕಣೆ, ಸೀರೆಗೆ ಅಂಟ್ತದೆ. ಮದ್ದು ಅದ್ರಾಚೆಗೈತೆ," ಅಂದಳು.

ಹೋದ ಜೀವ ಬಂದ ಹಾಗಾಯಿತು. ರತ್ನಿಯ ತಾಯಿ ಅಳುತ್ತಲೇ ನಕ್ಕಳು. ನನ್ನ ಬುದ್ಧಿ ನೋಡಿ, ಆ ಸಂತೋಷದಲ್ಲೇ ಕೇಳಿಬಿಟ್ಟೆ: "ಅಂಗಾರೆ ಮದ್ದು ಯಾವ್ದಜ್ಜಿ?"

ಅಜ್ಜಿ ಒರಳನ್ನು ಮೂರು ಸಲ ತೊಳೆದು ನೀರು ಚೆಲ್ಲಿದಳು. "ದೊಡ್ಡೋಳಾದ್ಮ್ಯಾಕೆ ನಿಂಗೇ ತೋರ್ಸ್ಬೇಕು ಅಂತ ಮಡಗಿದ್ದೆ. ಇನ್ ಬ್ಯಾಡ ಬುಡು, ನಿನ್ ಬಾಯಿ ನಿಲ್ಲಾಕಿಲ್ಲ."

ಬೈದಿದ್ದರೆ, ಹೊಡೆದಿದ್ದರೆ ಅತ್ತು ಮರೆಯುತ್ತಿದ್ದೆ. ಅವಳು ನಿಧಾನವಾಗಿ ಹೇಳಿದಳು.

ರತ್ನಿಯ ಕಣ್ಣು ತಿಳಿಯಾದವು. ಮದ್ದಿನಿಂದಲೋ, ಪಥ್ಯದಿಂದಲೋ, ಕೆಲವು ಕಾಮಾಲೆ ತಾನಾಗಿಯೇ ಇಳಿಯುವಂತೆ ಇಳಿಯಿತೋ, ಸಸ್ಯಶಾಸ್ತ್ರ ಪಾಠ ಮಾಡುವ ನಾನು ಇವತ್ತು ಆಣೆ ಮಾಡಿ ಹೇಳಲಾರೆ. ಪರೀಕ್ಷಿಸಿ ನೋಡೋಣವೆಂದರೆ ಗಿಡ ಗೊತ್ತಿರಬೇಕಲ್ಲ. ನಾನು ಕಾಲೇಜು ಸೇರುವ ಮೊದಲೇ ಅಜ್ಜಿ ಹೋದಳು, ಯಾರಿಗೂ ತೋರಿಸದೆ. ಅವಳಿಗಿದ್ದ ಮೊಮ್ಮಗಳು ನಾನೊಬ್ಬಳೇ.

ಎಷ್ಟೋ ವರ್ಷದ ಮೇಲೆ ಮೇಡಂ ಅಂದು ಒಯ್ದಿದ್ದ ಆ ಗಿಡದ ಹಾಳೆ ಒಣಗಿಸಿದ ಗಿಡಗಳ ಸಂಗ್ರಹವೊಂದರಲ್ಲಿ ನನ್ನ ಕೈಗೇ ಸಿಕ್ಕಿತು. ಉತ್ತರಾಣಿ, ಕಾಮಾಲೆಗೆ, ತಿಳಿಸಿದವರು ಈರಜ್ಜಿ. ನಾಚಿಕೆಯಿಂದ ಮುಖ ಬಿಸಿಯಾಯಿತು. ಇದು ತಪ್ಪು ಅಂತ ಒಂದು ಚೀಟಿ ಬರೆದು ಅಂಟಿಸಿದೆ. ಸರಿ ಯಾವುದು ಅನ್ನುವ ಜಾಗ ಖಾಲಿ ಬಿಟ್ಟೆ.

ಕಳೆದ ಭಾನುವಾರ ಹಟ್ಟಿಗೆ ಹೋದವಳು ಬೆಳಗಾಗುವ ಮೊದಲೇ ಎದ್ದು, ಯಾರನ್ನೂ ಮಾತಾಡಿಸದೆ ಆ ಉತ್ತರಾಣಿಯ ನಡುವೆ ನಡೆದೆ. ಆಚೆ ಬದಿಗೆ ಹತ್ತಾರು ಬಗೆಯ ಗಿಡಗಳು. ಒಂದೊಂದರ ಹೆಸರೂ ನನಗೆ ಗೊತ್ತು. ಅಜ್ಜಿ ಯಾವುದರ ಮುಂದೆ ಬಗ್ಗುತ್ತಿದ್ದಳೆಂದು ಗೊತ್ತಿಲ್ಲ. ಬರಿಗೈಯಲ್ಲಿ ಬಂದು, ಜಗಲಿಯ ಮೇಲೆ ಕೂತು, ಸೀರೆಯಂಚಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಬಿಡಿಸಿದೆ. ಅವಳು ನನಗೆ ಕಲಿಸಿದ ಕೆಲಸ ಅದೊಂದೇ.